ಮಗು ಚಿಕ್ಕದು, ಓದು ಮತ್ತೆ ಶುರು ಮಾಡಬೇಕು: ಮಕ್ಕಳ ಡಾಕ್ಟರ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಮದುವೆ, ಮಗು ಅಂತ ಓದು ನಿಲ್ಲಿಸಿದ ಎಷ್ಟೋ ಜನ ಈ ವರ್ಷ ಬಿಎಡ್, ಎಂಎ, ನರ್ಸಿಂಗ್ ಅಂತ ಮತ್ತೆ ಸೇರುವ ಯೋಚನೆಯಲ್ಲಿದ್ದೀರಿ. ಮಗುವಿನ ಊಟ, ನಿದ್ದೆ, ಆರೋಗ್ಯದ ಪ್ರಶ್ನೆಗಳಿಗೆ ನಮ್ಮ ಗುಂಪಿನ ಮಕ್ಕಳ ತಜ್ಞೆ ಉತ್ತರಿಸುತ್ತಾರೆ. ವಯಸ್ಸು, ತೂಕ ತಪ್ಪದೆ ಬರೆಯಿರಿ.

ಸದಸ್ಯೆ, ಮಂಡ್ಯ: ನಮಸ್ತೆ ಮೇಡಂ. ಮಗಳಿಗೆ 1 ವರ್ಷ 9 ತಿಂಗಳು, 10.5 ಕೆಜಿ. ಕಾಲೇಜು ಶುರುವಾಗುವ ಮುಂಚೆ ಎದೆಹಾಲು ಬಿಡಿಸಲೇಬೇಕಾ?

ಡಾಕ್ಟರ್: ನಮಸ್ತೆ. ಬಿಡಿಸಲೇಬೇಕು ಅಂತೇನಿಲ್ಲ. 2 ವರ್ಷದವರೆಗೆ, ಆಮೇಲೂ ಕುಡಿಸಬಹುದು ಅಂತಲೇ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು. ಹಗಲು ನೀವಿಲ್ಲದಾಗ ಊಟ, ತಿಂಡಿ ತಿನ್ನಲಿ. ಸಂಜೆ ಬಂದ ಮೇಲೆ, ರಾತ್ರಿ ಎದೆಹಾಲು ಕೊಡಿ. ಬಿಡಿಸುವುದೇ ಆದರೆ ಒಂದೊಂದೇ ಹೊತ್ತು ಕಡಿಮೆ ಮಾಡುತ್ತಾ ಬನ್ನಿ. ಕಾಲೇಜು ಶುರುವಾಗುವ ವಾರವೇ ಬಿಡಿಸಲು ಹೋಗಬೇಡಿ, ಮಗುವಿಗೆ ಎರಡೂ ಕಷ್ಟ ಒಟ್ಟಿಗೆ ಬರುತ್ತೆ.

ಸದಸ್ಯೆ, ತುಮಕೂರು: ಬೇವಿನ ಎಲೆ ಅರೆದು ಹಚ್ಚಿಕೊಳ್ಳಿ ಅಕ್ಕಾ, ಎರಡೇ ದಿನಕ್ಕೆ ಬಿಡುತ್ತೆ.

ಡಾಕ್ಟರ್: ಬೇವು, ಹಾಗಲಕಾಯಿ, ಮೆಣಸಿನಪುಡಿ ಯಾವುದೂ ಬೇಡ. ದಿಢೀರನೆ ನಿಲ್ಲಿಸಿದರೆ ತಾಯಿಗೆ ಎದೆ ಗಟ್ಟಿಯಾಗಿ ಜ್ವರ ಬರಬಹುದು.

ಸದಸ್ಯೆ, ಹಾಸನ: ಮೇಡಂ, ಮಗನಿಗೆ 1 ವರ್ಷ 7 ತಿಂಗಳು, 9.4 ಕೆಜಿ. ಈ ವರ್ಷ ಬಿಎಡ್ ಸೇರಬೇಕು ಅಂತಿದ್ದೇನೆ. ಅವನಿಗೆ ಅಭ್ಯಾಸವಾಗಲಿ ಅಂತ ದಿನಾ ಮಧ್ಯಾಹ್ನ ಸ್ವಲ್ಪ ಹೊತ್ತು ಲೈಬ್ರರಿಗೆ ಹೋಗಿ ಓದುತ್ತೇನೆ. ನಾನು ಚಪ್ಪಲಿ ಹಾಕಿಕೊಂಡ ತಕ್ಷಣ ಅಳು ಶುರು. ಅತ್ತು ಅತ್ತು ಸದ್ದೇ ನಿಂತುಹೋಗುತ್ತೆ, ತುಟಿ ನೀಲಿಯಾಗಿ ಮೈ ಸಡಿಲ ಬಿಡುತ್ತಾನೆ. ಅರ್ಧ ನಿಮಿಷದಲ್ಲಿ ಮತ್ತೆ ಸರಿಹೋಗುತ್ತಾನೆ. ಅತ್ತೆ ಬಾಲಗ್ರಹ ಅಂತಾರೆ, ತಾಯತ ಕಟ್ಟಿಸಿದ್ದಾರೆ, ಓದು ಬಿಟ್ಟುಬಿಡು ಅಂತಾರೆ. ನಾನು ಬಿಟ್ಟು ಹೋಗುವುದರಿಂದಲೇ ಹೀಗಾಗ್ತಿದೆಯಾ? ಊಟ ಸೇರಲ್ಲ. ಹಾಲು ಮಾತ್ರ ಚೆನ್ನಾಗಿ ಕುಡಿಯುತ್ತಾನೆ, ದಿನಕ್ಕೆ 5 ಬಾಟಲಿ, ಹಾಗಾಗಿ ಆ ಚಿಂತೆ ಇಲ್ಲ. ತುಳಸಿ ಕಟ್ಟೆ ಮಣ್ಣು ತಿನ್ನುವ ಚಟ ಬೇರೆ ಇದೆ.

ಡಾಕ್ಟರ್: ಮೊದಲು ಇಷ್ಟಕ್ಕೆ ಉತ್ತರ ಕೊಡಿ. ಬಾಟಲಿ ಎಷ್ಟು ಎಂಎಲ್‌ದು? ನಿದ್ದೆಯಲ್ಲಿ, ಅಥವಾ ಅಳದೆ ಸುಮ್ನೆ ಆಡುತ್ತಿರುವಾಗ ಎಂದಾದರೂ ಹೀಗಾಗಿದೆಯಾ? ಕಿಟಕಿ ಹತ್ತಿರ ಕರೆದುಕೊಂಡು ಹೋಗಿ ಕಣ್ಣಿನ ಕೆಳರೆಪ್ಪೆ ಮೆಲ್ಲಗೆ ಎಳೆದು ನೋಡಿ. ಒಳಗೆ ಕೆಂಪಗಿದೆಯಾ, ಬಿಳಿಚಿಕೊಂಡಿದೆಯಾ?

ಸದಸ್ಯೆ, ಗದಗ: ಮೇಡಂ, ಮೊಬೈಲ್ ತೋರಿಸಿದರೆ ಮಾತ್ರ ಉಣ್ತಾಳೆ. 1 ವರ್ಷ 11 ತಿಂಗಳು. ಏನು ಮಾಡಲಿ?

ಡಾಕ್ಟರ್: 2 ವರ್ಷದೊಳಗೆ ಮೊಬೈಲ್ ಬೇಡ. ಮನೆಯವರ ಜೊತೆ ಕೂರಿಸಿ, ತಟ್ಟೆ ಅವಳ ಮುಂದಿಡಿ, ಕೈಯಾರೆ ತಿನ್ನಲಿ, ಚೆಲ್ಲಲಿ. ಮೂರ್ನಾಲ್ಕು ದಿನ ಕಡಿಮೆ ತಿಂದರೆ ಏನೂ ಆಗಲ್ಲ.

ಸದಸ್ಯೆ, ಹಾಸನ: 200 ಎಂಎಲ್ ಬಾಟಲಿ ಮೇಡಂ. ನಿದ್ದೆಯಲ್ಲಿ ಯಾವತ್ತೂ ಆಗಿಲ್ಲ, ಅತ್ತಾಗ, ಬಿದ್ದಾಗ ಮಾತ್ರ. ರೆಪ್ಪೆ ಒಳಗೆ ಬೆಳ್ಳಗಿದೆ. ನನ್ನದು ಎಳೆದು ನೋಡಿಕೊಂಡೆ, ನನ್ನದು ಕೆಂಪಗಿದೆ.

ಡಾಕ್ಟರ್: ನಿಧಾನವಾಗಿ ಓದಿ. ಮನೆಯಲ್ಲಿ ಅತ್ತೆಯವರಿಗೂ ಓದಿ ಹೇಳಿ.

ನೀವು ಹೇಳಿದ್ದು ಕೇಳಿದರೆ ಇದು ಅಳುವಾಗ ಉಸಿರು ಹಿಡಿಯುವ ತೊಂದರೆ ಅನಿಸುತ್ತೆ. 6 ತಿಂಗಳಿಂದ 5 ವರ್ಷದೊಳಗಿನ ಮಕ್ಕಳಲ್ಲಿ ಇದು ಇದ್ದದ್ದೇ. ಮಗು ಬೇಕಂತ ಮಾಡುವುದಲ್ಲ, ಹಠವೂ ಅಲ್ಲ. ಸಿಟ್ಟು, ಹೆದರಿಕೆ, ನೋವು ಆದಾಗ ಉಸಿರು ಹೊರಗೆ ಬಿಟ್ಟವರು ಒಳಗೆ ತೆಗೆದುಕೊಳ್ಳುವುದಿಲ್ಲ, ನೀಲಿಯಾಗುತ್ತಾರೆ, ಪ್ರಜ್ಞೆ ತಪ್ಪುತ್ತೆ, ಆಮೇಲೆ ಉಸಿರು ತಾನಾಗಿ ಬರುತ್ತೆ. ಮಗು ಬೆಳೆದ ಹಾಗೆ ಈ ತೊಂದರೆ ತಾನಾಗಿ ನಿಂತುಹೋಗುತ್ತೆ. ಆ ಹೊತ್ತಿನಲ್ಲಿ ಪಕ್ಕಕ್ಕೆ ಹೊರಳಿಸಿ ಮಲಗಿಸಿ. ಅಲುಗಾಡಿಸಬೇಡಿ, ಮುಖಕ್ಕೆ ನೀರು ಎರಚಬೇಡಿ, ಬಾಯಿಗೆ ಏನೂ ಹಾಕಬೇಡಿ, ಈರುಳ್ಳಿ, ಚಪ್ಪಲಿ ಮೂಸಿಸಬೇಡಿ.

ನನಗೆ ಜಾಸ್ತಿ ಚಿಂತೆ ಹುಟ್ಟಿಸಿದ್ದು ನೀವು ಚಿಂತೆ ಇಲ್ಲ ಅಂತ ಬರೆದ ಸಾಲು. ದಿನಕ್ಕೆ 1 ಲೀಟರ್ ಹಾಲು. ಹಾಲಿನಲ್ಲಿ ಕಬ್ಬಿಣದ ಅಂಶ ಇಲ್ಲವೆನ್ನುವಷ್ಟು ಕಡಿಮೆ. ಊಟದಲ್ಲಿ ಬರುವ ಕಬ್ಬಿಣವನ್ನೂ ಅದು ಮೈಗೆ ಹತ್ತಲು ಬಿಡುವುದಿಲ್ಲ. ಹೊಟ್ಟೆ ತುಂಬಿರುವುದರಿಂದ ಮಗು ಊಟ ಮುಟ್ಟುವುದಿಲ್ಲ. ಮಣ್ಣು ತಿನ್ನುವುದನ್ನು ನೀವು ಚಟ ಅಂದಿರಿ. ಈ ವಯಸ್ಸಿನಲ್ಲಿ ಬಾಯಿಗೆ ಹಾಕಿ ನೋಡುವುದು ಇದ್ದದ್ದೇ, ಆದರೆ ಹುಡುಕಿಕೊಂಡು ಹೋಗಿ ತಿಂದರೆ ಮೊದಲು ನೋಡಬೇಕಾದ್ದು ರಕ್ತಹೀನತೆ. ರೆಪ್ಪೆ ಬೇರೆ ಬಿಳಿಚಿಕೊಂಡಿದೆ. ಕಬ್ಬಿಣದ ಕೊರತೆ ಇರುವ ಮಕ್ಕಳಿಗೆ ಈ ಉಸಿರು ಹಿಡಿಯುವುದು ಜಾಸ್ತಿ, ಕೊರತೆ ತುಂಬಿದರೆ ಎಷ್ಟೋ ಮಕ್ಕಳಲ್ಲಿ ಕಡಿಮೆಯಾಗುತ್ತೆ.

ಹಾಗಾಗಿ ನಾಳೆಯೇ ಹತ್ತಿರದ ಮಕ್ಕಳ ಡಾಕ್ಟರಿಗೆ ತೋರಿಸಿ. ಸಿಬಿಸಿ (ರಕ್ತಕಣಗಳ ಎಣಿಕೆ), ಫೆರಿಟಿನ್ (ಮೈಯಲ್ಲಿ ಕಬ್ಬಿಣದ ಸಂಗ್ರಹ ಎಷ್ಟಿದೆ ಅಂತ ತೋರಿಸುವುದು) ರಕ್ತ ಪರೀಕ್ಷೆ ಮಾಡಿಸಿ. ನಮ್ಮ ಸರ್ಕಾರದ ಕಾರ್ಯಕ್ರಮದಲ್ಲಿ 6 ತಿಂಗಳಿಂದ 5 ವರ್ಷದೊಳಗಿನವರಿಗೆ ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ ಅಂತ ಲೆಕ್ಕ. ಒಂದು ಇಸಿಜಿಯನ್ನೂ ಮಾಡಿಸಿ. ಹೃದಯ ಬಡಿತದ ಕೆಲವು ತೊಂದರೆಗಳೂ ಹೀಗೇ ಕಾಣುತ್ತವೆ, ಅದಲ್ಲ ಅಂತ ಖಚಿತವಾಗಬೇಕು. ಅಳದೇ ಇದ್ದಾಗ ಆದರೆ, ಒಂದು ನಿಮಿಷ ಮೀರಿದರೆ, ಕೈಕಾಲು ಅದುರಿದರೆ, ಮನೆತನದಲ್ಲಿ ಚಿಕ್ಕ ವಯಸ್ಸಿನಲ್ಲಿ ಯಾರಾದರೂ ಇದ್ದಕ್ಕಿದ್ದಂತೆ ತೀರಿಕೊಂಡಿದ್ದರೆ ಆ ಡಾಕ್ಟರಿಗೆ ಮರೆಯದೆ ಹೇಳಿ.

ಹಾಲು 400 ಎಂಎಲ್‌ಗೆ ಇಳಿಸಿ, ಹೆಚ್ಚೆಂದರೆ 500. ಬಾಟಲಿ ಎತ್ತಿಡಿ, ಪುಟ್ಟ ಸ್ಟೀಲ್ ಲೋಟದಲ್ಲಿ, ಊಟ ಆದ ಮೇಲೆ ಕೊಡಿ.

ಓದಿನ ಬಗ್ಗೆ. ಅಮ್ಮ ಹೊರಟರೆ ಈ ವಯಸ್ಸಿನ ಮಗು ಅಳುವುದು ಸಹಜ. ಕದ್ದು ಹೋಗಬೇಡಿ. ಬರ್ತೀನಿ ಅಂತ ಹೇಳಿ ಹೋಗಿ, ಹೇಳಿದ ಹೊತ್ತಿಗೆ ಬನ್ನಿ. ನೀವು ಮನೆಯಲ್ಲೇ ಕೂತರೂ ಹಾಲು ಹೀಗೇ ನಡೆದರೆ ಅವನ ಮೈಯಲ್ಲಿ ರಕ್ತ ಹೆಚ್ಚುವುದಿಲ್ಲ. ಕಾಯಿಲೆಗೆ ಕಾರಣ ನಿಮ್ಮ ಪುಸ್ತಕ ಅಂತ ಯಾರೂ ಹೇಳುವಂತಿಲ್ಲ.

ಸದಸ್ಯೆ, ದಾವಣಗೆರೆ: ಡಾಕ್ಟ್ರೇ, ನಾನು ಮೂರು ಮಕ್ಕಳನ್ನು ಸಾಕಿದವಳು. ತಾಯಿ ಕಣ್ಣಮುಂದೆ ಇದ್ದಿದ್ದರೆ ಮಗು ಮಣ್ಣು ತಿನ್ನುತ್ತಿತ್ತಾ? ಮೂರು ವರ್ಷ ಕಾಯಲು ಆಗಲ್ವಾ ಈಗಿನವರಿಗೆ?

ಸದಸ್ಯೆ, ಬೆಂಗಳೂರು: ಆಂಟೀ, ಮಗುವಿನ ಅಪ್ಪ ಕಣ್ಣಮುಂದೆ ಇರಲಿಲ್ಲ ಅಂತ ಯಾಕೆ ಕೇಳಲ್ಲ ನೀವು? ಬಿಎಡ್ 2 ವರ್ಷ. ಮೂರು ವರ್ಷ ಕಾದು ಸೇರಿದರೆ ಮುಗಿಯುವಾಗ ಐದು. ಅಷ್ಟರಲ್ಲಿ ಇನ್ನೊಂದು ಮಗು ಅಂತಾರೆ. ನನಗೆ ಹಾಗೇ ಆಯಿತು.

ಸದಸ್ಯೆ, ದಾವಣಗೆರೆ: ನಿಮ್ಮ ಕಥೆ ನಾನು ಕೇಳಲಿಲ್ಲ.

ಸದಸ್ಯೆ, ಧಾರವಾಡ: ಜಗಳ ಬಿಡ್ರಿ. ಪಿಎಚ್‌ಡಿ ಮಾಡೋರಿಗೆ ಒಂದು ಮಾತು. ಯುಜಿಸಿಯ (ಯೂನಿವರ್ಸಿಟಿಗಳಿಗೆ ನಿಯಮ ಮಾಡೋ ಕೇಂದ್ರದ ಆಯೋಗ) 2022ರ ನಿಯಮದಲ್ಲಿ ಹೆಂಗಸರಿಗೆ ಒಟ್ಟು 240 ದಿನದವರೆಗೆ ಹೆರಿಗೆ ರಜೆ, ಮಗು ನೋಡಿಕೊಳ್ಳುವ ರಜೆ ಐತಿ. ಗೈಡ್ ಗೊತ್ತಿಲ್ಲ ಅಂದ್ರ ಯೂನಿವರ್ಸಿಟಿ ಕಚೇರಿಗೆ ಬರೆದು ಕೇಳ್ರಿ. ನಾನು ಹಂಗೇ ತಗೊಂಡೆ.

ಸದಸ್ಯೆ, ಚಿಕ್ಕಬಳ್ಳಾಪುರ: ಹಳ್ಳಿಯಲ್ಲಿರುವವರು ಪಂಚಾಯಿತಿಯಲ್ಲಿ ಕೂಸಿನ ಮನೆ ಇದೆಯಾ ಅಂತ ವಿಚಾರಿಸಿ. ನರೇಗಾ ಕೆಲಸಕ್ಕೆ ಹೋಗುವ ತಾಯಂದಿರಿಗಾಗಿ ಶುರುವಾಗಿದ್ದು, 3 ವರ್ಷದೊಳಗಿನ ಮಕ್ಕಳನ್ನು ಹಗಲು ನೋಡಿಕೊಳ್ಳುತ್ತಾರೆ. ಜಾಗ ಇದ್ದರೆ ಬೇರೆಯವರ ಮಕ್ಕಳನ್ನೂ ಸೇರಿಸಿಕೊಳ್ಳುತ್ತಾರಾ, ಕೇಳಿ ನೋಡಿ.

ಸದಸ್ಯೆ, ಮೈಸೂರು: ಎಂಎ ಪರೀಕ್ಷೆ ದಿನ ಮಗುವನ್ನು ಸೆಂಟರ್ ಹತ್ತಿರ ಎಲ್ಲಿ ಬಿಡಬಹುದು? ಯಾರಾದರೂ ಹೇಳಿ.

ಸದಸ್ಯೆ, ಶಿವಮೊಗ್ಗ: ಮೇಡಂ, ಈ ಮೆಸೇಜ್ ನೋಡಿ, ಎಲ್ಲ ಗುಂಪಿನಲ್ಲೂ ಬಂದಿದೆ. "ಓದುವ ತಾಯಂದಿರಿಗೆ ವರದಾನ. ಜಾಯಿಕಾಯಿ ಹಾಲಿನಲ್ಲಿ ತೇಯ್ದು ಕುಡಿಸಿದರೆ ಮಗು ಬೆಳಗಿನವರೆಗೂ ಗಾಢ ನಿದ್ದೆ. ಕರ್ಪೂರ, ಕೊಬ್ಬರಿ ಎಣ್ಣೆ ಎದೆಗೆ ಹಚ್ಚಿದರೆ ಶೀತವೂ ಮಾಯ." ಎಷ್ಟು ಹನಿ ಕೊಡಬೇಕು?

ಡಾಕ್ಟರ್: ಒಂದು ಹನಿಯೂ ಬೇಡ. ಜಾಯಿಕಾಯಿ ಜಾಸ್ತಿಯಾದರೆ ಮಿದುಳಿನ ಮೇಲೆ ಕೆಲಸ ಮಾಡುವ ವಿಷ. ಕಲ್ಲಿನ ಮೇಲೆ ತೇಯ್ದಾಗ ಎಷ್ಟು ಬಂತು ಅಂತ ಅಳೆಯುವವರು ಯಾರು? ಅದನ್ನು ಕುಡಿದು ಎದ್ದೇಳಿಸಿದರೂ ಏಳದ ಮಗುವನ್ನು ರಾತ್ರಿ ಹೊತ್ತುಕೊಂಡು ಬಂದ ಅಪ್ಪ ಅಮ್ಮನ ಮುಖ ನಾನು ನೋಡಿದ್ದೇನೆ. ಕರ್ಪೂರ ಅದಕ್ಕಿಂತ ಅಪಾಯ. ಚೂರು ಹೊಟ್ಟೆಗೆ ಹೋದರೂ ಸ್ವಲ್ಪ ಹೊತ್ತಿನಲ್ಲೇ ಫಿಟ್ಸ್ ಬರಬಹುದು. 2 ವರ್ಷದೊಳಗಿನವರಿಗೆ ಹಚ್ಚಲೂ ಬೇಡಿ. ದೇವರ ಮನೆಯ ಕರ್ಪೂರದ ಡಬ್ಬಿ ಇವತ್ತೇ ಮೇಲಕ್ಕೆ ಎತ್ತಿಡಿ. ಮಗು ನಿದ್ದೆ ಮಾಡಲಿ ಅಂತ ನೆಗಡಿ ಸಿರಪ್ ಕೊಡುವವರಿಗೂ ಹೇಳುತ್ತಿದ್ದೇನೆ. ಸಾಮಾನ್ಯವಾಗಿ ಸಿಗುವ ಒಂದು ನೆಗಡಿ ಔಷಧಿ ಜೋಡಿಯನ್ನು 4 ವರ್ಷದೊಳಗಿನವರಿಗೆ ಕೊಡಬಾರದು ಅಂತ ಬಾಟಲಿ ಮೇಲೆ ಬರೆಯಬೇಕೆಂದು 2023ರ ಡಿಸೆಂಬರ್‌ನಲ್ಲಿ ಕೇಂದ್ರದ ಔಷಧ ನಿಯಂತ್ರಕರೇ ಆದೇಶ ಮಾಡಿದ್ದಾರೆ. ಸಿರಪ್ ನಿದ್ದೆಗೆ ಅಲ್ಲ.

ಸದಸ್ಯೆ, ತುಮಕೂರು: ನಮ್ಮಜ್ಜಿ ನಮಗೆಲ್ಲ ಜಾಯಿಕಾಯಿ ಕೊಟ್ಟೇ ಬೆಳೆಸಿದ್ದು. ನಮಗೇನಾಗಿದೆ?

ಡಾಕ್ಟರ್: ಏನಾದರೂ ಆದ ಮಕ್ಕಳು ಇಲ್ಲಿ ಬಂದು ಬರೆಯುವುದಿಲ್ಲ.

ಸದಸ್ಯೆ, ಗದಗ: ಮೇಡಂ, ಅಜ್ಜಿ ಜೊತೆ ಬಿಟ್ಟಾಗ ಮೊಬೈಲ್ ಕೊಡದೆ ಊಟ ಹೇಗೆ?

ಡಾಕ್ಟರ್: ಮೇಲೆ ಹೇಳಿದ್ದೇನೆ.

ಸದಸ್ಯೆ, ಕೊಪ್ಪಳ: ಎದೆಹಾಲು ಬಿಡಿಸುವುದು ಹೇಗೆ ಮೇಡಂ?

ಡಾಕ್ಟರ್: ಮೊದಲ ಪ್ರಶ್ನೆ ಓದಿ.

ಸದಸ್ಯೆ, ದಾವಣಗೆರೆ: ರಕ್ತಕ್ಕೆ ಬೆಲ್ಲ, ಬೀಟ್‌ರೂಟ್ ಸಾಕು. ಪುಟ್ಟ ಮಗುವಿಗೆ ಸೂಜಿ ಚುಚ್ಚಿಸುವುದೇ ಇವರ ವ್ಯಾಪಾರ.

ಸದಸ್ಯೆ, ಬೆಂಗಳೂರು: ಅವರು ಇಲ್ಲಿ ಪುಕ್ಕಟೆ ಉತ್ತರ ಕೊಡುತ್ತಿದ್ದಾರೆ. ಸ್ವಲ್ಪ ಮರ್ಯಾದೆ ಇರಲಿ.

ಸದಸ್ಯೆ, ದಾವಣಗೆರೆ: ಮರ್ಯಾದೆ ನಿಮ್ಮಿಂದ ಕಲಿಯಬೇಕಾಗಿಲ್ಲ.

ಅಡ್ಮಿನ್: ಇಬ್ಬರೂ ನಿಲ್ಲಿಸಿ. ಮುಂದಿನ ಕಾಮೆಂಟ್ ಡಿಲೀಟ್ ಮಾಡುತ್ತೇನೆ.

ಡಾಕ್ಟರ್: ಬೀಟ್‌ರೂಟ್ ಬಣ್ಣ ಕೆಂಪು ಅಷ್ಟೇ. ಬೆಲ್ಲ ತಿನ್ನಿಸಿ ಕೊರತೆ ತುಂಬಲು ಆಗಲ್ಲ, ಹಲ್ಲು ಹಾಳಾಗುತ್ತೆ. ಸರ್ಕಾರದ ಕಬ್ಬಿಣಾಂಶದ ಸಿರಪ್ ಆಶಾ ಕಾರ್ಯಕರ್ತೆಯರ ಹತ್ತಿರವೇ ಪುಕ್ಕಟೆ ಸಿಗುತ್ತೆ, 6 ತಿಂಗಳಿಂದ 5 ವರ್ಷದವರಿಗೆ ವಾರಕ್ಕೆ ಎರಡು ಸಲ 1 ಎಂಎಲ್. ಅದು ಕೊರತೆ ಬಾರದಿರಲಿ ಅಂತ. ಕೊರತೆ ಬಂದ ಮೇಲೆ ಪ್ರಮಾಣ ಬೇರೆ, ತೂಕ ನೋಡಿ ಡಾಕ್ಟರೇ ಬರೆಯಬೇಕು.

ಸದಸ್ಯೆ, ಹಾಸನ: ಮೇಡಂ, ತೋರಿಸಿದೆವು. ಹಿಮೋಗ್ಲೋಬಿನ್ 7.9. ಫೆರಿಟಿನ್ ತುಂಬಾ ಕಡಿಮೆ ಅಂದರು. ಇಸಿಜಿ ಸರಿ ಇದೆ. ಕಬ್ಬಿಣದ ಡ್ರಾಪ್ಸ್, ಹುಳುವಿನ ಔಷಧಿ ಕೊಟ್ಟಿದ್ದಾರೆ. ಬಾಟಲಿ ಎತ್ತಿಟ್ಟೆ. ನಿನ್ನೆ ಇಡೀ ದಿನ ಅತ್ತ, ಸಂಜೆ ಅರ್ಧ ರಾಗಿ ಮುದ್ದೆ, ಹುರುಳಿ ಸಾರು ತಿಂದ.

ಡಾಕ್ಟರ್: ಒಳ್ಳೆಯದಾಯಿತು. ಡ್ರಾಪ್ಸ್ ಹಾಲಿನ ಜೊತೆ ಕೊಡಬೇಡಿ, ನಿಂಬೆ ಅಥವಾ ಕಿತ್ತಳೆ ರಸದ ಜೊತೆ ಕೊಡಿ. ಕಕ್ಕ ಕಪ್ಪಗಾಗುತ್ತೆ, ಹೆದರಬೇಡಿ. ತಿಂಗಳ ನಂತರ ಮತ್ತೆ ರಕ್ತ ಪರೀಕ್ಷೆ. ಹಿಮೋಗ್ಲೋಬಿನ್ ಸರಿಯಾಯಿತು ಅಂತ ನಿಲ್ಲಿಸಬೇಡಿ, ಆಮೇಲೂ ಎರಡು ಮೂರು ತಿಂಗಳು ಕೊಡಬೇಕಾಗುತ್ತೆ. ಡ್ರಾಪ್ಸ್ ಬಾಟಲಿ ಅವನ ಕೈಗೆ ಸಿಗದ ಕಡೆ ಇಡಿ, ಒಟ್ಟಿಗೆ ಕುಡಿದುಬಿಟ್ಟರೆ ಪ್ರಾಣಕ್ಕೆ ಅಪಾಯ. ಮೊಟ್ಟೆ, ಮಾಂಸ ತಿನ್ನುವ ಮನೆಯಾದರೆ ಕೊಡಿ.

ಸದಸ್ಯೆ, ಹಾಸನ: ಬಿಎಡ್ ಅಡ್ಮಿಷನ್‌ಗೆ ಹೋಗಲಾ?

ಡಾಕ್ಟರ್: ಹೋಗಿ. ನೀವಿಲ್ಲದಾಗ ಡ್ರಾಪ್ಸ್ ಯಾರು ಕೊಡುತ್ತಾರೆ ಅಂತ ಮೊದಲೇ ಗೊತ್ತು ಮಾಡಿ. ಒಬ್ಬರೇ ಕೊಡಲಿ, ಕೊಟ್ಟ ತಕ್ಷಣ ಕ್ಯಾಲೆಂಡರಿನಲ್ಲಿ ಗುರುತು ಹಾಕಲಿ. ಇಬ್ಬರು ಕೊಟ್ಟರೆ ಎರಡೆರಡು ಸಲ ಆಗುತ್ತೆ.

ಸದಸ್ಯೆ, ರಾಯಚೂರು: ಹಾಗಾದರೆ ಮಕ್ಕಳಿಗೆ ಹಾಲೇ ಕೊಡಬಾರದಾ ಮೇಡಂ?

ಡಾಕ್ಟರ್: ಹಾಗೆ ಎಲ್ಲಿ ಹೇಳಿದೆ? 400 ಎಂಎಲ್ ಅಂತ ಬರೆದಿದ್ದೇನೆ. ದಯವಿಟ್ಟು ಓದಿ.

ಸದಸ್ಯೆ, ಮೈಸೂರು: ಪರೀಕ್ಷೆ ದಿನ ಮಗುವನ್ನು ಬಿಡುವುದರ ಬಗ್ಗೆ ಕೇಳಿದ್ದೆ. ಯಾರೂ ಉತ್ತರ ಕೊಡಲಿಲ್ಲ.

ಸದಸ್ಯೆ, ಬಳ್ಳಾರಿ: ಎದೆಹಾಲು ಬಿಡಿಸಲು ಒಳ್ಳೆ ಉಪಾಯ ಹೇಳಿ ಮೇಡಂ.

ಅಡ್ಮಿನ್: ಇವತ್ತಿಗೆ ಕಾಮೆಂಟ್ ಮುಚ್ಚುತ್ತಿದ್ದೇನೆ.