ತಾಮ್ರದ ಸರಳಿನ ಉಷ್ಣ ವಿಸರಣಾಂಕ 116ರ ಬದಲು 74 ಬರುತ್ತಿದೆ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಉಷ್ಣವು ಲೋಹದೊಳಗೆ ಎಷ್ಟು ಬೇಗ ಹರಡುತ್ತದೆ ಎಂಬುದನ್ನು (ಅಂದರೆ ಉಷ್ಣ ವಿಸರಣಾಂಕವನ್ನು) ಪದವಿ ವಿದ್ಯಾರ್ಥಿಗಳಿಗೆ ಅಳೆದು ತೋರಿಸಲು ಆಂಗ್‌ಸ್ಟ್ರಾಮ್ ವಿಧಾನದ ಪ್ರಯೋಗ ಜೋಡಿಸಿದ್ದೇನೆ. ತಾಮ್ರದ ಸರಳಿನ ತುದಿಗೆ ಕಟ್ಟಿದ ಹೀಟರನ್ನು 60 ಸೆಕೆಂಡು ಹಚ್ಚಿ 60 ಸೆಕೆಂಡು ಆರಿಸುತ್ತೇನೆ. ಸರಳಿನ ಮೇಲೆ 10 ಸೆಂ.ಮೀ. ಅಂತರದಲ್ಲಿ ಎರಡು ಸೆನ್ಸರ್‌ಗಳಿವೆ. ಹತ್ತಿರದ್ದರಲ್ಲಿ ಉಷ್ಣತೆಯ ಏರಿಳಿತದ ಪಾರ (ಸರಾಸರಿಯಿಂದ ಶಿಖರದವರೆಗಿನ ಎತ್ತರ) 6.5 ಡಿಗ್ರಿ, ದೂರದ್ದರಲ್ಲಿ 1.2 ಡಿಗ್ರಿ, ದೂರದ್ದರ ಶಿಖರ 40 ಸೆಕೆಂಡು ತಡವಾಗಿ ಬರುತ್ತದೆ. ಪಾರಗಳ ಅನುಪಾತದ ಸ್ವಾಭಾವಿಕ ಲಾಗರಿದಮ್ಮನ್ನು ವಿಳಂಬದ ಎರಡರಷ್ಟರಿಂದ ಗುಣಿಸಿ, ಬಂದದ್ದರಿಂದ ಅಂತರದ ವರ್ಗವನ್ನು ಭಾಗಿಸಿದರೆ ಸೆಕೆಂಡಿಗೆ 74 ಚದರ ಮಿ.ಮೀ. ಸಿಗುತ್ತದೆ, ತಾಮ್ರಕ್ಕೆ ಬರಬೇಕಾದದ್ದು 116. ಪಕ್ಕಗಳಿಂದ ಉಷ್ಣ ಸೋರುತ್ತಿರಬೇಕೆಂದು ಗ್ಲಾಸ್‌ವೂಲ್ ಸುತ್ತಿದೆ, ಆದರೂ ಫಲಿತಾಂಶ ಬದಲಾಗಲಿಲ್ಲ.

ಉತ್ತರ

ಗ್ಲಾಸ್‌ವೂಲ್‌ನಿಂದ ಬದಲಾಗದಿದ್ದುದು ಸಹಜವೇ ಸರ್. 1861ರಲ್ಲಿ ಪ್ರಕಟವಾದ ಈ ವಿಧಾನದ ಸೊಗಸು ಇರುವುದೇ ಅಲ್ಲಿ: ಪಕ್ಕದ ಸೋರಿಕೆ ಏರಿಳಿತವನ್ನು ಹೆಚ್ಚು ಕುಗ್ಗಿಸುತ್ತದೆ, ಆದರೆ ವಿಳಂಬವನ್ನು ಅದೇ ಪ್ರಮಾಣದಲ್ಲಿ ಕಡಿಮೆ ಮಾಡುತ್ತದೆ, ಹಾಗಾಗಿ ಎರಡರ ಗುಣಲಬ್ಧದಲ್ಲಿ ಸೋರಿಕೆಯ ಪಾತ್ರ ಅಳಿಸಿಹೋಗುತ್ತದೆ.

ನಿಮ್ಮ ಅಂಕಿಗಳನ್ನೇ ಇನ್ನೊಮ್ಮೆ ನೋಡೋಣ. 120 ಸೆಕೆಂಡಿನ ಆವರ್ತದಲ್ಲಿ 40 ಸೆಕೆಂಡಿನ ವಿಳಂಬವೆಂದರೆ 2.09 ರೇಡಿಯನ್ (ಒಂದು ಪೂರ್ಣ ಆವರ್ತಕ್ಕೆ 6.28 ರೇಡಿಯನ್); ಪಾರಗಳ ಅನುಪಾತದ ಲಾಗರಿದಮ್ 1.69. ಸೋರಿಕೆ ಏನೂ ಇಲ್ಲದಿದ್ದರೆ ಇವೆರಡೂ ಸಮನಾಗಿರಬೇಕು, ಸೋರಿಕೆ ಇದ್ದರೆ ಲಾಗರಿದಮ್ಮೇ ದೊಡ್ಡದಾಗಿರಬೇಕು. ನಿಮ್ಮಲ್ಲಿ ಅದು ತಿರುವುಮುರುವಾಗಿದೆ, ಮತ್ತು ಸರಳಿನಲ್ಲಿ ಹರಿಯುವ ಉಷ್ಣ ತಾನಾಗಿ ಹೀಗೆ ಮಾಡಲಾರದು. ದೂರದ ಸೆನ್ಸರ್ ಉಷ್ಣತೆಯನ್ನು ತಡವಾಗಿ ಗ್ರಹಿಸುತ್ತಿದೆ ಎಂಬುದು ನನ್ನ ಬಲವಾದ ಅನುಮಾನ. ಎರಡೂ ಸೆನ್ಸರ್‌ಗಳು ಒಂದೇ ಬಗೆಯವೇ? ಒಂದೇ ರೀತಿಯಲ್ಲಿ ಕೂರಿಸಿದ್ದೀರಾ? ಎರಡೂ ಸಮನಾಗಿ ತಡಮಾಡಿದರೆ ದೋಷ ತಾನಾಗಿ ರದ್ದಾಗುತ್ತದೆ, ಒಂದು ಮಾತ್ರ ತಡಮಾಡಿದರೆ ಹೀಗಾಗುತ್ತದೆ.

ಇನ್ನೊಂದು ಮಾತು. ಹೀಟರ್ ಹಚ್ಚಿ ಆರಿಸುವುದರಿಂದ ಹುಟ್ಟುವ ಅಲೆ ಚೌಕಾಕಾರದ್ದು, ಆದ್ದರಿಂದ ಹತ್ತಿರದ ಸೆನ್ಸರಿನಲ್ಲಿ ಶಿಖರದ ಜಾಗವನ್ನು ಕಣ್ಣಳತೆಯಲ್ಲಿ ಗುರುತಿಸುವುದು ನಂಬಲರ್ಹವಲ್ಲ. ಸರಾಸರಿ ಉಷ್ಣತೆ ಏರುವುದು ನಿಂತ ಮೇಲೆ ಹತ್ತಾರು ಪೂರ್ಣ ಆವರ್ತಗಳನ್ನು ತೆಗೆದುಕೊಂಡು, 120 ಸೆಕೆಂಡಿನ ಸೈನ್ ಅಲೆಯನ್ನು ಹೊಂದಿಸಿ, ಪಾರವನ್ನೂ ವಿಳಂಬವನ್ನೂ ಅದರಿಂದಲೇ ಪಡೆಯಿರಿ.

ಪ್ರಶ್ನೆ ಕೇಳಿದವರು

ನೀವು ಹೇಳಿದ್ದು ಸರಿ. ಹತ್ತಿರದ ಸೆನ್ಸರಿಗೆ ಸರಳಿನಲ್ಲಿ ತೂತು ಕೊರೆದು ಥರ್ಮಲ್ ಪೇಸ್ಟ್ ಹಾಕಿದ್ದೆ. ದೂರದ್ದು ಸ್ಟೀಲ್ ಕೊಳವೆಯೊಳಗಿನ ಸೆನ್ಸರ್, ಅದನ್ನು ಟೇಪಿನಿಂದ ಮೇಲೆ ಅಂಟಿಸಿದ್ದೆ ಅಷ್ಟೆ. ಟೇಪ್ ಬಿಚ್ಚಿದಾಗ ಕೊಳವೆ ಗೆರೆಯಷ್ಟು ಜಾಗದಲ್ಲಿ ಮಾತ್ರ ತಾಮ್ರವನ್ನು ಮುಟ್ಟುತ್ತಿದ್ದುದು ಕಾಣಿಸಿತು. ಈಗ ಎರಡೂ ಕಡೆ ಒಂದೇ ಸುರುಳಿಯಿಂದ ಕತ್ತರಿಸಿದ ತೆಳು ಥರ್ಮೋಕಪಲ್‌ಗಳನ್ನು (ಎರಡು ಲೋಹಗಳ ತಂತಿ ಬೆಸೆದ ಉಷ್ಣತಾ ಸೆನ್ಸರ್‌ಗಳನ್ನು) ತೂತಿನೊಳಗೆ ಪೇಸ್ಟಿನೊಂದಿಗೆ ಕೂರಿಸಿ, ಸೈನ್ ಅಲೆ ಹೊಂದಿಸಿದೆ. ಪಾರಗಳು 6.4 ಮತ್ತು 1.36 ಡಿಗ್ರಿ, ವಿಳಂಬ 28.6 ಸೆಕೆಂಡು, ವಿಸರಣಾಂಕ 113 ಬಂತು. ಉಳಿದ ವ್ಯತ್ಯಾಸ ಎಲ್ಲಿಯದು? ಮುಂದಿನ ವಾರ ಹಿತ್ತಾಳೆಯನ್ನೂ ಅಳೆಯುವ ಆಸೆಯಿದೆ.

ಉತ್ತರ

ತುಂಬಾ ಸಂತೋಷವಾಯಿತು. ಈಗ ಲಾಗರಿದಮ್ 1.55, ವಿಳಂಬ 1.50 ರೇಡಿಯನ್, ಕ್ರಮ ಸರಿಯಾಗಿದೆ. 116 ಎಂಬುದು ಶುದ್ಧ ತಾಮ್ರದ ಬೆಲೆ, ಅಲ್ಪಸ್ವಲ್ಪ ಕಲಬೆರಕೆಯೂ ಅದನ್ನು ತಗ್ಗಿಸುತ್ತದೆ. ತೂತುಗಳ ನಡುವಿನ ಅಂತರವನ್ನೂ ಮಧ್ಯದಿಂದ ಮಧ್ಯಕ್ಕೆ ಕ್ಯಾಲಿಪರಿನಿಂದ ಅಳೆಯಿರಿ. ಸೂತ್ರದಲ್ಲಿ ಅದರ ವರ್ಗ ಬರುವುದರಿಂದ 1 ಮಿ.ಮೀ. ತಪ್ಪಿದರೆ ಉತ್ತರ ಶೇ. 2ರಷ್ಟು ತಪ್ಪುತ್ತದೆ.

ಹಿತ್ತಾಳೆಯ ವಿಸರಣಾಂಕ ಸುಮಾರು 34. ಇದೇ ಆವರ್ತದಲ್ಲಿ 10 ಸೆಂ.ಮೀ. ದೂರಕ್ಕೆ ಅಲೆ ಹದಿನಾರನೇ ಒಂದು ಪಾಲಿಗೆ ಕುಗ್ಗಿಬಿಡುತ್ತದೆ. ಆದ್ದರಿಂದ ತೂತುಗಳನ್ನು 5 ಸೆಂ.ಮೀ. ಅಂತರದಲ್ಲಿ ಕೊರೆಯಿರಿ; ಆಗ ದೂರದ ಥರ್ಮೋಕಪಲ್‌ಗೆ ಸುಮಾರು ನಾಲ್ಕನೇ ಒಂದು ಪಾಲು ತಲುಪುತ್ತದೆ.