ಅಪ್ಪಾರ 800 ಬಣ್ಣ ಪೂರಾ ಮಾಸೇತಿ, ಮನ್ಯಾಗ ತೊಳದು ಹೊಳಪ ತರಾಕ ಆಕ್ಕೈತೇನ್ರಿ?

ಕೆಂಪು800, ಹುಬ್ಬಳ್ಳಿ

ಎಲ್ಲಾರಿಗೂ ನಮಸ್ಕಾರ್ರಿ. ನಮ್ಮಪ್ಪಾರದು 2004ರ ಮಾರುತಿ 800, ಕೆಂಪು ಬಣ್ಣ. 15 ವರ್ಷ ಮುಗದ ಮ್ಯಾಲ ಆರ್‌ಟಿಓಕ್ಕ ಒಯ್ದು ತೋರಿಸಿ ಐದ ವರ್ಷಕ್ಕ ನೋಂದಣಿ ಮಾಡಿಸಿದ್ವಿ, ಅದೂ ಮುಗದು ಈಗ ಎರಡನೇ ಸಲಾನೂ ಆತು, ಇಂಜಿನ್ ಗಟ್ಟಿ ಐತಿ, ಮಾರೂ ಮಾತ ಇಲ್ಲ. ಆದ್ರ ಬಣ್ಣ ನೋಡಾಕ ಆಗವಲ್ದು. ಬಾನೆಟ್ಟು, ಟಾಪು ಬಿಸಲಿಗೆ ಬಿದ್ದು ಬಿದ್ದು ಗುಲಾಬಿ ಆಗ್ಯಾವ, ಕೈ ಆಡಿಸಿದ್ರ ಅಂಗೈಗೆ ಕುಂಕುಮ ಹತ್ತಿದಂಗ ಪುಡಿ ಹತ್ತತೈತಿ. ಮನಿ ಗೋಕುಲ ರೋಡ್ ಕಡೆ, ಧೂಳ ಅಂತೂ ಕೇಳಬ್ಯಾಡ್ರಿ, ಅಪ್ಪಾರು ದಿನಾ ಮುಂಜಾನೆ ಒಣ ಅರಿಬಿಲೆ ಒರಸ್ತಾರ. ತೊಳಿಯೂದು ಬೋರಿನ ಸವಳ ನೀರಿಲೆ, ಒಣಗಿದ ಮ್ಯಾಲ ಬಿಳಿ ಚುಕ್ಕಿ ಹಂಗ ಉಳಿತಾವ. ಹೋದ ವರ್ಷ ಒಂದ ಕಡೆ ಕೊಟ್ಟಿದ್ವಿ, ಮಷೀನ್ ಹಚ್ಚಿ ಹೊಳಪ ಏನೋ ತಂದ್ರು, ಆದ್ರ ಬಾನೆಟ್ ಅಂಚಿಗೆ ಗೇಣುದ್ದ ಬೂದು ಪ್ರೈಮರ್ (ಬಣ್ಣದ ಬುಡಕಿನ ಪದರು) ಕಾಣಾಕತ್ತೈತಿ. ಅದಕ್ಕ ಈ ಸಲ ನಾನ ಮಾಡಬೇಕಂತ. ಪೂರಾ ಪೇಂಟ್ ಮಾಡಿಸ್ರಿ ಅಂತ ಎಲ್ಲಾರೂ ಹೇಳ್ತಾರ, ಅಪ್ಪಾರು ಮಾತ್ರ ಇದು ಕಂಪನಿ ಬಣ್ಣ, ಕೆತ್ತಿಸಬ್ಯಾಡ ಅಂತ ಕುಂತಾರ. ಎಲ್ಲಿಂದ ಚಾಲೂ ಮಾಡಲಿ?

ಮಾಳಮಡ್ಡಿಯವ, ಧಾರವಾಡ

ನಿಮ್ಮ ಅಪ್ಪಾರು ಹೇಳೂದು ಖರೆ ಅದ. ಕೈಗೆ ಕೆಂಪು ಹತ್ತಲಿಕತ್ತದ ಅಂದ್ರ ಆ ಗಾಡಿಗೆ ಕ್ಲಿಯರ್ ಕೋಟ್ (ಬಣ್ಣದ ಮ್ಯಾಲ ಹೊಡಿಯೂ ಬಣ್ಣಿಲ್ಲದ ಪಾರದರ್ಶಕ ಪದರು) ಇಲ್ಲ, ಬಣ್ಣನ ಮ್ಯಾಲಿನ ಪದರು, ಬಿಸಿಲಿಗೆ ಅದರ ಮ್ಯಾಲಿನ ತೆಳು ಭಾಗ ಅಷ್ಟ ಪುಡಿ ಆಗ್ಯದ, ಬುಡಕ ಒಳ್ಳೆ ಬಣ್ಣ ಇರ್ತದ. ಸಂಶಯ ಇದ್ರ ಕಾಣದ ಜಾಗಾದಾಗ ಬಿಳಿ ಅರಿಬಿಗೆ ಚೂರು ಪಾಲಿಶ್ ಹಚ್ಚಿ ತಿಕ್ಕಿ ನೋಡ್ರಿ, ಅರಿಬಿ ಕೆಂಪಾದ್ರ ಮುಗೀತು. ನನ್ನ ಗಾಡಿ ಬೆಳ್ಳಿ ಬಣ್ಣದ ಮೆಟಾಲಿಕ್, ಅದರ ಟಾಪ್ ಮ್ಯಾಲ ಕ್ಲಿಯರ್ ಕೋಟ್ ಹಪ್ಪಳದಂಗ ಎದ್ದು ಸುಲಿಲಿಕತ್ತದ, ಅದಕ್ಕ ಯಾವ ಪಾಲಿಶ್ ಹಚ್ಚಿದ್ರೂ ಕೂಡೂದಿಲ್ಲ, ಆ ಭಾಗ ಪೇಂಟ್ ಮಾಡ್ಸೂದೊಂದ ದಾರಿ. ನಿಮ್ಮದು ಆ ಲೆಕ್ಕದಾಗ ಪುಣ್ಯಾದ ಗಾಡಿ.

ಒಣ ಅರಿಬಿಲೆ ಒರಸೂದು ಮಾತ್ರ ಇವತ್ತಿಂದನ ಬಿಡಸ್ರಿ. ಧೂಳಿನ್ಯಾಗ ಸಣ್ಣ ಉಸುಕು ಇರ್ತದ, ಬಿಸಿಲಾಗ ನಿಂತು ನೋಡಿದ್ರ ಜೇಡರ ಬಲಿಹಂಗ ಗುಂಡಗ ಗೆರಿ ಕಾಣ್ತಾವಲ್ಲ, ಅವು ಹಂಗ ಬಿದ್ದಾವು. ವಾರಕ್ಕೊಂದ ಸಲ ತೊಳದ್ರ ಸಾಕು. ಮುಂಜಾನೆ ನೆರಳಾಗ, ತಗಡು ತಣ್ಣಗಿದ್ದಾಗ, ಮೊದಲು ಬರೇ ನೀರು ಹಾಕಿ ಧೂಳೆಲ್ಲ ಇಳಿಸ್ರಿ, ಅಲ್ಲಿತನಕ ಕೈ ಹಚ್ಚಬ್ಯಾಡ್ರಿ. ಆಮ್ಯಾಲ ಎರಡು ಬಕೀಟು, ಒಂದರಾಗ ಕಾರ್ ಶಾಂಪೂ, ಇನ್ನೊಂದರಾಗ ಬರೇ ನೀರು, ಮೈಕ್ರೋಫೈಬರ್ ಅರಿಬಿ ಶಾಂಪೂದಾಗ ಅದ್ದೂಕಿಂತ ಮೊದಲು ಪ್ರತಿ ಸಲ ಬರೇ ನೀರಾಗ ಜಾಲಾಡ್ಸರಿ. ಟಾಪಿಂದ ಕೆಳಗ ಬರ್ರಿ, ಗಾಲಿಗೆ ಬ್ಯಾರೆ ಅರಿಬಿ. ಭಾಂಡೆ ತಿಕ್ಕೂ ಲಿಕ್ವಿಡ್ಡು, ಅರಿಬಿ ಒಗಿಯೂ ಪುಡಿ ಬ್ಯಾಡ, ಹಚ್ಚಿದ ವ್ಯಾಕ್ಸ್ ಕಿತ್ತು ಒಯ್ತಾವ. ನಳಾ ಬಂದ ದಿನ ಎರಡು ಬಕೀಟು ಹಿಡದಿಟ್ಟು ಕಡೀಕ ಅದನ್ನ ಹಾಕ್ರಿ, ಕೂಡಲೇ ಒರಸ್ರಿ, ಚುಕ್ಕಿ ಬೀಳೂದಿಲ್ಲ. ಈಗ ಇರೋ ಚುಕ್ಕಿಗೆ ಬಿಳಿ ವಿನೆಗರು ನೀರು ಸಮ ಸಮ ಬೆರಸಿ ಒಂದ ನಿಮಿಷ ಇಟ್ಟು ತೊಳೀರಿ.

ಬೆಟಗೇರಿ ಪೇಂಟರ್, ಗದಗ

ಅವರು ಹೇಳಿದ್ದು ಬರೋಬ್ಬರಿ. ಪಾಲಿಶ್ ಮಾತ ನಾ ಹೇಳ್ತೀನಿ, 22 ವರ್ಷ ಇದ ಕೆಲಸ ಮಾಡೇನಿ. ಕಂಪನಿ ಬಣ್ಣ ಅಂದ್ರ ಪ್ರೈಮರ್ ಹಿಡದು ಎಲ್ಲಾ ಕೂಡಿ 100 ಮೈಕ್ರಾನ್ ಆಸುಪಾಸು, ಅಂದ್ರ ಒಂದ ಮಿಲಿಮೀಟರಿನ್ಯಾಗ ಹತ್ತರಾಗ ಒಂದ ಪಾಲು. ಅಂಚಿಗೆ, ಗೆರಿ ಎದ್ದಲ್ಲೆ ಇನ್ನೂ ತೆಳು. ಮಷೀನ್ ಅಲ್ಲೆ ಒಂದ ಗಳಿಗಿ ಜಾಸ್ತಿ ನಿಂತ್ರ ನಿಮ್ಮ ಬಾನೆಟ್ಟಿಗೆ ಆದಂಗ ಆಕ್ಕೈತಿ. ಅದಕ್ಕ ಅಂಚಿಗೆಲ್ಲಾ, ರಬ್ಬರ್ ಬೀಡಿಂಗಿಗೆಲ್ಲಾ ಮಾಸ್ಕಿಂಗ್ ಟೇಪ್ ಹಚ್ಚಿ ಕೈಲೇನ ಮಾಡ್ರಿ. ಹಳೇ ರಬ್ಬಿಂಗ್ ಕಾಂಪೌಂಡ್ ಡಬ್ಬಿ ಮುಟ್ಟಬ್ಯಾಡ್ರಿ, ಅದು ಒರಟ, ನುಣ್ಣಂದು ಪಾಲಿಶ್ ಕೇಳಿ ತಗೋರಿ. ಎರಡ ಫೂಟ್ ಚೌಕ ಹಿಡದು ತಿಕ್ಕೂದು, ಅರಿಬಿ ಕೆಂಪಾಕ್ಕೈತಿ, ಹೆದರಬ್ಯಾಡ್ರಿ, ಸತ್ತ ಬಣ್ಣ ಹೋಗಾಕತ್ತೈತಿ ಅಂತ ಅರ್ಥ. ಆದ್ರ ಮಗ್ಗಲಾ ತಿರಿಗಿಸಿಗೋತ ಇರ್ರಿ, ತುಂಬಿದ ಮಗ್ಗಲಲೆ ತಿಕ್ಕಿದ್ರ ಅದ ಪುಡಿ ಮತ್ತ ಗೀರತೈತಿ. ಹೊಳಪ ನೂರಕ್ಕ ಎಂಬತ್ತ ಬಂದ್ರ ಬಿಟ್ಟಬಿಡ್ರಿ, ಉಳದ ಗೀರಿಗೋಸ್ಕರ ಬಣ್ಣ ಕಳಕೋಬ್ಯಾಡ್ರಿ. ಅವತ್ತ ವ್ಯಾಕ್ಸ್ ಹಚ್ಚಬೇಕು, ಬರಿಮೈ ಬಿಟ್ರ ಮಳಿಗಾಲ ಕಳಿಯೂದರಾಗ ಮತ್ತ ಗುಲಾಬಿ. ಎರಡ ಮೂರು ತಿಂಗಳಿಗೊಮ್ಮೆ ವ್ಯಾಕ್ಸ್ ಹಚ್ಚಿಗೋತ ಹೋಗ್ರಿ, ಪಾಲಿಶ್ ಪದೇ ಪದೇ ಬ್ಯಾಡ.

ಇನ್ನೊಂದ ಯಾರೂ ನೋಡೂದಿಲ್ಲ. ಬಾಗಲಾ ಕೆಳಗಿನ ಅಂಚಿಗೆ ನೀರ ಹೋಗಾಕ ಸಣ್ಣ ತೂತ ಇರ್ತಾವ, ನಮ್ಮ ಕಡೆ ಎರಿ ಮಣ್ಣ ಕುಂತ ಅವು ಕಟ್ಟಿ ಕಲ್ಲ ಆಗಿರ್ತಾವ, ಒಳಗ ನೀರ ನಿಂತು ಬಾಗಲಾ ಒಳಗಿಂದ ಜಂಗು ತಿಂತೈತಿ. ಕಸಬರಗಿ ಕಡ್ಡಿ ಹಾಕಿ ಬಿಡಸ್ರಿ. ಪ್ರೈಮರ್ ಕಂಡಿದ್ದಕ್ಕ, ಇಂಜಿನ್ ಖೋಲಿ ಪ್ಲೇಟಿನ ಮ್ಯಾಲಿನ ಬಣ್ಣದ ಕೋಡ್ ಬರಕೊಂಡು ಹೋಗಿ ಸ್ವಲ್ಪ ಬಣ್ಣ ಕೂಡಿಸಿ ತರ್ರಿ, ಸಣ್ಣ ಬ್ರಶ್ಶಿಲೆ ತೆಳ್ಳಗ ಎರಡ ಮೂರು ಕೈ ಹಚ್ಚರಿ, ಒಂದ ಕೈ ಒಣಗಿದ ಮ್ಯಾಲ ಇನ್ನೊಂದು. ಜಂಗು ಇದ್ರ ಮೊದಲು 400 ನಂಬರ್ ವಾಟರ್ ಪೇಪರಿಲೆ (ನೀರ ಹಚ್ಚಿ ತಿಕ್ಕೂ ಉಸುಕಿನ ಕಾಗದ) ತಗಡ ಕಾಣೂಮಟ ತಗೀರಿ, ಪ್ರೈಮರ್ ಹೊಡೀರಿ, ಆಮ್ಯಾಲ ಬಣ್ಣ.

ರಾಣೇಬೆನ್ನೂರ ಗಾಡಿ

ನಮ್ಮ ಮನ್ಯಾಗ ಒಂದ ಬಕೀಟ ನೀರಿಗೆ ಎರಡ ಮುಚ್ಚಳ ಚಿಮಣಿ ಎಣ್ಣಿ ಹಾಕಿ ಒರಸ್ತೇವ್ರಿ, ಚಲೋ ಹೊಳಿತೈತಿ, ಅದನ್ನ ಯಾಕ ಯಾರೂ ಹೇಳವಲ್ರಿ?

ಬೆಟಗೇರಿ ಪೇಂಟರ್, ಗದಗ

ಆ ಹೊಳಪ ಎಣ್ಣಿದರಿ, ಬಣ್ಣದ್ದಲ್ಲ. ಸಂಜಿಮಟ ಊರ ಧೂಳೆಲ್ಲಾ ಅದಕ್ಕ ಹತ್ತತೈತಿ, ಮರುದಿನ ಒರಸಿದ್ರ ವಾಟರ್ ಪೇಪರ್ ಆಡಿಸಿದಂಗ. ಬಾಗಲದ ರಬ್ಬರೂ ಉಬ್ಬತೈತಿ. ಬಿಟ್ಟಬಿಡ್ರಿ ಅಣ್ಣಾರ.

ಕೆಂಪು800, ಹುಬ್ಬಳ್ಳಿ

ಭಾಳ ಉಪಕಾರ ಆತ್ರಿ ಎಲ್ಲಾರದೂ. ರವಿವಾರ ಮುಂಜಾನೆ ಆರಕ್ಕ ಚಾಲೂ ಮಾಡಿ ಬಾನೆಟ್ಟಿನ ಬಲಗಡೆ ಅರ್ಧಾ ಅಷ್ಟ ಮಾಡೇನಿ, ನಡುವ ಟೇಪ್ ಹಚ್ಚಿದ್ದೆ, ತೆಗದ್ರ ಒಂದ ಕಡೆ ಗುಲಾಬಿ, ಒಂದ ಕಡೆ ಕೆಂಪು, ಕೆಂಪಿನ್ಯಾಗ ತೆಂಗಿನ ಗರಿ ನೆರಳ ಸುದ್ದಾ ಕಾಣತೈತಿ. ಆರ ಅರಿಬಿ ಕೆಂಪಾದ್ವು. ಎಡಗಡೆ ಬಾಗಲದ ತೂತ ಎರಡೂ ಕಟ್ಟಿದ್ವು, ಕಡ್ಡಿ ಹಾಕಿದ ಕೂಡ್ಲೆ ಒಂದ ಲೋಟದಷ್ಟ ರಾಡಿ ನೀರ ಬಂತು. ಅಪ್ಪಾರು ಚಾ ಕುಡ್ಯೂದ ಬಿಟ್ಟು ಬಂದು ಅಂಗೈ ಆಡಿಸಿ ನೋಡಿದ್ರು, ಪುಡಿ ಹತ್ತಲಿಲ್ಲ, ಉಳದದ್ದಕ್ಕ ಈಗ ಅವರ ಮುಂದಿನ ರವಿವಾರ ಅರಿಬಿ ಹಿಡಿತೇನಿ ಅಂದಾರ. ಟಾಪಿಗೂ ಇದ ನುಣ್ಣನ ಪಾಲಿಶ್ ನಡಿತೈತಲ್ರಿ, ಅಲ್ಲೆ ಬಣ್ಣ ಇನ್ನೂ ಜಾಸ್ತಿ ಮಾಸೇತಿ?

ಬೆಟಗೇರಿ ಪೇಂಟರ್, ಗದಗ

ನಡಿತೈತ್ರಿ. ಬಾನೆಟ್ಟಿಗಿಂತ ಕೈ ಹಗುರ ಇರಲಿ, ಪ್ರತಿ ಚೌಕ ಮುಗದ ಮ್ಯಾಲ ಒರಸಿ ನೋಡ್ರಿ, ಕೆಂಪಿನ ಬುಡಕ ಬೂದು ಮಬ್ಬ ಕಂಡ ಕೂಡ್ಲೆ ಅಲ್ಲೆ ನಿಲ್ಲಸ್ರಿ, ಬರೇ ವ್ಯಾಕ್ಸ್ ಹಚ್ಚರಿ.