ಡಿಪಿಎಫ್ ಲೈಟ್ ಹತ್ತಿದೆ, ಗಾಡಿ ಓಡಿಸಬಹುದಾ?

ಪ್ರಶ್ನೆ (ಬಸವೇಶ್ವರನಗರ, ಬೆಂಗಳೂರು): ಸರ್, ನಮಸ್ಕಾರ. ನಮ್ಮದು 2021ರ ಡೀಸೆಲ್ ಎಸ್‌ಯುವಿ, ಮ್ಯಾನ್ಯುಯಲ್ ಗೇರ್, 31 ಸಾವಿರ ಕಿಲೋಮೀಟರ್ ಓಡಿದೆ. ಬೆಳಿಗ್ಗೆ ಮಗಳನ್ನು ಸ್ಕೂಲಿಗೆ ಬಿಟ್ಟು ಹಾಗೇ ರಾಜಾಜಿನಗರದ ಆಫೀಸಿಗೆ ಹೋಗುತ್ತೇನೆ. ಎಲ್ಲಾ ಸೇರಿ 5 ಕಿಲೋಮೀಟರ್ ಆದರೆ ಹೆಚ್ಚು. ಎರಡು ತಿಂಗಳ ಹಿಂದೆ ಮೀಟರಿನಲ್ಲಿ ಹಳದಿ ಲೈಟ್ ಹತ್ತಿತು, ಡಬ್ಬಿಯೊಳಗೆ ಚುಕ್ಕಿ ಇರುವ ಚಿತ್ರ. ಸರ್ವಿಸ್‌ನವರು ಲ್ಯಾಪ್‌ಟಾಪ್ ಹಾಕಿ ಏನೋ ಮಾಡಿ ಬಿಲ್ ಕೊಟ್ಟರು. ಈಗ ಮತ್ತೆ ಹತ್ತಿದೆ. ಗಾಡಿ ಎಳೆಯುವುದರಲ್ಲಿ ಏನೂ ವ್ಯತ್ಯಾಸ ಇಲ್ಲ. ಓಡಿಸಬಹುದಾ? ತಪ್ಪು ಗಾಡಿಯದ್ದಾ, ನನ್ನದಾ?

ಉತ್ತರ: ಮೇಡಂ, ಅದು ಡಿಪಿಎಫ್ ಲೈಟ್, ಅಂದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ತುಂಬುತ್ತಿದೆ ಅಂತ. ಆ ಹಳದಿ ಲೈಟ್ ಒಂದೇ ಇದ್ದು, ಮಿನುಗದೆ ಸುಮ್ಮನೆ ಉರಿಯುತ್ತಿದ್ದರೆ ಓಡಿಸಬಹುದು. ಓಡಿಸಲೇಬೇಕು. ಆದರೆ ಸ್ಕೂಲಿನ ತನಕ ಅಲ್ಲ, ಹೈವೇಗೆ. ಅದರ ಜೊತೆ ಚೆಕ್ ಎಂಜಿನ್ ಲೈಟೂ ಬಂದಿದ್ದರೆ, ಅಥವಾ ಗಾಡಿ ಎಳೆಯದೆ ಮಂಕಾಗಿದ್ದರೆ, ಎಲ್ಲೂ ಸುತ್ತಬೇಡಿ, ನೇರ ಸರ್ವಿಸ್‌ಗೆ ಬಿಡಿ.

2020ರ ಏಪ್ರಿಲ್ 1ರಿಂದ ಬಿಎಸ್6 ಅನ್ನುವ ಹೊಗೆ ನಿಯಮ ಬಂದ ಮೇಲೆ ಡೀಸೆಲ್ ಕಾರುಗಳ ಸೈಲೆನ್ಸರ್ ಲೈನಿನಲ್ಲಿ ಡಿಪಿಎಫ್ ಅನ್ನುವ ಫಿಲ್ಟರ್ ಕೂತಿದೆ. ಒಳಗೆ ಪಿಂಗಾಣಿಯ ಜೇನುಗೂಡು ಇದ್ದ ಹಾಗೆ. ಒಂದು ಕಿಂಡಿ ಮುಂದೆ ತೆರೆದಿದ್ದರೆ ಹಿಂದೆ ಮುಚ್ಚಿರುತ್ತದೆ, ಪಕ್ಕದ ಕಿಂಡಿ ಅದರ ಉಲ್ಟಾ. ಹೊಗೆ ಬೇರೆ ದಾರಿ ಇಲ್ಲದೆ ಗೋಡೆಯೊಳಗಿಂದಲೇ ನುಸುಳಿ ಹೋಗುತ್ತದೆ. ಮಸಿ ಗೋಡೆಗೆ ಅಂಟಿ ಉಳಿಯುತ್ತದೆ.

ಆ ಮಸಿ ಹೋಗಬೇಕಾದರೆ ಸುಡಬೇಕು. ಹೈವೇಯಲ್ಲಿ ಓಡುವಾಗ ಹೊಗೆಯ ಬಿಸಿ 300 ಡಿಗ್ರಿ ದಾಟಿರುತ್ತದೆ, ಅಷ್ಟರಲ್ಲೇ ಒಂದಿಷ್ಟು ಮಸಿ ತಾನಾಗಿ ನಿಧಾನಕ್ಕೆ ಸುಡುತ್ತದೆ. ಸಿಟಿಯಲ್ಲಿ ಆ ಬಿಸಿ ಬರಲ್ಲ. ಆಗ ಫಿಲ್ಟರಿನ ಹಿಂದೆ ಮುಂದೆ ಒತ್ತಡ ಅಳೆಯುವ ಸೆನ್ಸರ್ ನೋಡಿ, ಗಾಡಿಯೇ ಸ್ವಲ್ಪ ಹೆಚ್ಚು ಡೀಸೆಲ್ ಬಿಟ್ಟು, ಬಿಸಿಯನ್ನು 600 ಡಿಗ್ರಿ ಹತ್ತಿರ ಏರಿಸಿ ಸುಡುತ್ತದೆ. ಇದಕ್ಕೆ ರೀಜೆನ್ ಅನ್ನುತ್ತೇವೆ. ಸಾಮಾನ್ಯವಾಗಿ 10ರಿಂದ 20 ನಿಮಿಷ ಬೇಕು.

ನಿಮಗೆ ಸ್ಕೂಲ್ ಗೇಟಿಗೆ ಎಷ್ಟು ನಿಮಿಷ? ಎಂಜಿನ್ ಬಿಸಿಯಾಗುವ ಹೊತ್ತಿಗೆ ಕೀ ತೆಗೆದಿರುತ್ತೀರಿ. ಗಾಡಿ ಪಾಪ ದಿನಾ ಒಲೆ ಹಚ್ಚುತ್ತದೆ, ನೀವು ದಿನಾ ನೀರು ಸುರಿಯುತ್ತೀರಿ. ಸರ್ವಿಸ್‌ನವರು ಮಾಡಿದ್ದು ಫೋರ್ಸ್ಡ್ ರೀಜೆನ್, ಅಂದರೆ ನಿಂತಲ್ಲೇ ಬಲವಂತವಾಗಿ ಸುಡಿಸುವುದು. ಅವರ ಕೆಲಸ ಸರಿಯಾಗಿಯೇ ಆಗಿದೆ. ನಿಮ್ಮ ಓಡಾಟ ಬದಲಾಗಿಲ್ಲ, ಅಷ್ಟೆ.

ಈ ಭಾನುವಾರ ಬೆಳಿಗ್ಗೆ ಆರೂವರೆಗೆ ಹೊರಡಿ. ಟ್ಯಾಂಕಿನಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಡೀಸೆಲ್ ಇರಲಿ, ರಿಸರ್ವ್‌ಗೆ ಬಂದಿದ್ದರೆ ಎಷ್ಟೋ ಗಾಡಿಗಳು ರೀಜೆನ್ ಶುರುವೇ ಮಾಡಲ್ಲ. ಗೊರಗುಂಟೆಪಾಳ್ಯದಲ್ಲಿ ಫ್ಲೈಓವರ್ ಹತ್ತಿ ತುಮಕೂರು ರಸ್ತೆ ಹಿಡಿಯಿರಿ. ನೆಲಮಂಗಲ ದಾಟಿದ ಮೇಲೆ 70ರ ಆಸುಪಾಸು, ನಾಲ್ಕನೇ ಗೇರ್, ಆರ್‌ಪಿಎಂ 2,000ಕ್ಕಿಂತ ಮೇಲೆ. ಅರ್ಧ ಗಂಟೆ ಒಂದೇ ಸಮ ಓಡಿಸಿ. ಸ್ಪೀಡ್ ಮುಖ್ಯ ಅಲ್ಲ. ಆರನೇ ಗೇರಿನಲ್ಲಿ 1,400 ಆರ್‌ಪಿಎಂಗೆ ತೇಲಿಸಿಕೊಂಡು ಹೋದರೆ ಮೈಲೇಜ್ ಚೆನ್ನಾಗಿ ಬರುತ್ತದೆ, ಫಿಲ್ಟರಿಗೆ ಬೇಕಾದ ಬಿಸಿ ಸಿಗುವುದಿಲ್ಲ. ಕ್ಯಾತಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ವಾಪಸ್ ಬನ್ನಿ. ಸರ್ವಿಸ್‌ನವರ ಲ್ಯಾಪ್‌ಟಾಪ್ ಬಿಲ್‌ಗಿಂತ ಇಡ್ಲಿ ಬಿಲ್ ಕಮ್ಮಿ.

ಅದೇ ಓದುಗರು: ಸುಡುತ್ತಾ ಇದೆ ಅಂತ ನನಗೆ ಗೊತ್ತಾಗುವುದು ಹೇಗೆ ಸರ್? ಮೀಟರಿನಲ್ಲಿ ಏನೂ ತೋರಿಸಲ್ಲವಲ್ಲ.

ಉತ್ತರ: ಎಷ್ಟೋ ಗಾಡಿಗಳಲ್ಲಿ ತೋರಿಸಲ್ಲ. ಕಿವಿ, ಮೂಗು ಬಳಸಬೇಕು. ಸಿಗ್ನಲ್‌ನಲ್ಲಿ ನಿಂತಾಗ ದಿನಾ 800 ಇರುವ ಆರ್‌ಪಿಎಂ ಸಾವಿರಕ್ಕೆ ಏರಿರುತ್ತದೆ. ಸಿಗ್ನಲ್‌ನಲ್ಲಿ ತಾನೇ ಆಫ್ ಆಗುತ್ತಿದ್ದ ಎಂಜಿನ್ ಆಫ್ ಆಗಲ್ಲ. ಮೈಲೇಜ್ ಅಂಕಿ ಧಡಕ್ಕನೆ ಇಳಿಯುತ್ತದೆ. ಇಳಿದು ನಿಂತರೆ ಕಾದ ಕಬ್ಬಿಣದ ವಾಸನೆ, ಕೀ ತೆಗೆದ ಮೇಲೂ ಬಾನೆಟ್ ಒಳಗೆ ಫ್ಯಾನ್ ಬುರ್ರೆಂದು ತಿರುಗುತ್ತಿರುತ್ತದೆ. ನಮ್ಮ ಗಿರಾಕಿಯೊಬ್ಬರು ಫ್ಯಾನ್ ಕೆಟ್ಟಿದೆ ಅಂತ ಮೂರು ಸಲ ಗಾಡಿ ತಂದರು. ಫ್ಯಾನ್ ಸರಿಯಾಗಿತ್ತು. ಮೂರು ಸಲವೂ ಅವರು ಅರ್ಧ ರೀಜೆನ್‌ನಲ್ಲಿ ಕೀ ತೆಗೆದಿದ್ದರು.

ಮನೆ ಬಾಗಿಲಿಗೆ ಬಂದಾಗ ಹೀಗಾದರೆ ಇನ್ನೊಂದು ಹತ್ತು ನಿಮಿಷ ರಿಂಗ್ ರೋಡಿನಲ್ಲಿ ಸುತ್ತಿ ಬನ್ನಿ. ಮನೆ ಮುಂದೆ ಎಂಜಿನ್ ಆನ್ ಇಟ್ಟು ಕಾಯುವುದರಿಂದ ಸಾಮಾನ್ಯವಾಗಿ ಕೆಲಸ ಮುಗಿಯಲ್ಲ. ಹಾಗೇ, ಸ್ಕೂಲ್ ಬಿಡುವ ತನಕ ಎಸಿ ಹಾಕಿಕೊಂಡು ಗೇಟ್ ಹತ್ತಿರ ನಿಲ್ಲುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ಮಸಿ ತುಂಬಲು ಅದಕ್ಕಿಂತ ಒಳ್ಳೆ ಉಪಾಯ ಇಲ್ಲ.

ಪ್ರಶ್ನೆ (ಮೈಸೂರು): ಅಣ್ಣ, ನಮ್ಮ ಗಾಡಿಯಲ್ಲಿ ಎಂಜಿನ್ ಆಯಿಲ್ ಜಾಸ್ತಿ ಆಗಿದೆ. ಡಿಪ್‌ಸ್ಟಿಕ್‌ನಲ್ಲಿ ಮೇಲಿನ ಗೆರೆ ದಾಟಿದೆ. ಕಮ್ಮಿ ಆಗುವುದು ಗೊತ್ತು, ಜಾಸ್ತಿ ಆಗುವುದು ಎಲ್ಲಿಂದ? ನಾನಂತೂ ಸುರಿದಿಲ್ಲ.

ಉತ್ತರ: ನೀವು ಸುರಿದಿಲ್ಲ, ಎಂಜಿನ್ನೇ ಸುರಿದಿದೆ. ರೀಜೆನ್ ಹೊತ್ತಿನಲ್ಲಿ ಬಿಡುವ ಹೆಚ್ಚುವರಿ ಡೀಸೆಲ್ ಸ್ವಲ್ಪ ಸಿಲಿಂಡರ್ ಗೋಡೆಗೆ ಹತ್ತಿ, ರಿಂಗ್ ಸಂದಿನಿಂದ ಜಾರಿ ಕೆಳಗಿನ ಆಯಿಲ್‌ಗೆ ಸೇರುತ್ತದೆ. ರೀಜೆನ್ ಮತ್ತೆ ಮತ್ತೆ ಅರ್ಧಕ್ಕೆ ನಿಂತರೆ ಹೀಗೆ ಸೇರುವುದು ಹೆಚ್ಚುತ್ತದೆ. ಡಿಪ್‌ಸ್ಟಿಕ್ ತೆಗೆದು ಮೂಸಿ ನೋಡಿ, ಡೀಸೆಲ್ ವಾಸನೆ ಬರುತ್ತದೆ. ಬೆರಳಿಗೆ ಹಚ್ಚಿ ಉಜ್ಜಿದರೆ ನೀರು ನೀರಾಗಿರುತ್ತದೆ. ಅಂಥ ಆಯಿಲ್ ಬೇರಿಂಗ್ ಕಾಯಲ್ಲ. ಗೆರೆ ದಾಟಿದೆ ಅಂದಮೇಲೆ ಸರ್ವಿಸ್ ದಿನಾಂಕ ಕಾಯಬೇಡಿ, ಬದಲಾಯಿಸಿ. ಮಟ್ಟ ತುಂಬಾ ಏರಿದರೆ ಎಂಜಿನ್ ತನ್ನ ಆಯಿಲ್ಲನ್ನೇ ಎಳೆದುಕೊಂಡು ಉರಿಸುವ ಅಪಾಯವೂ ಇದೆ, ಆಗ ಕೀ ತೆಗೆದರೂ ನಿಲ್ಲದೇ ಹೋಗಬಹುದು.

ಹಾಕಿಸುವಾಗ ಡಬ್ಬಿ ನೋಡಿ. ಗಾಡಿಯ ಪುಸ್ತಕದಲ್ಲಿ ಎಸಿಇಎ ಸಿ2 ಅಥವಾ ಸಿ3 ಅನ್ನುವ ಆಯಿಲ್ ದರ್ಜೆ ಇದ್ದರೆ ಅದೇ ಆಗಬೇಕು, 'ಡೀಸೆಲ್‌ಗೆ ಎಲ್ಲಾ ಒಂದೇ' ಅನ್ನುವ ಮಾತು ಕೇಳಬೇಡಿ. ಇವು ಬೂದಿ ಕಮ್ಮಿ ಬಿಡುವ ಆಯಿಲ್‌ಗಳು. ಊರಲ್ಲಿ ಹಂಡೆ ಒಲೆ ನೋಡಿದ್ದೀರಲ್ಲ, ಮಸಿ ಜೋರು ಉರಿಗೆ ಸುಟ್ಟು ಹೋಗುತ್ತದೆ, ಬೂದಿ ಹೋಗಲ್ಲ, ಗೋರಿ ತೆಗೆಯಬೇಕು. ಡಿಪಿಎಫ್ ಒಳಗಿನ ಬೂದಿಯೂ ಅಷ್ಟೇ. ಎಷ್ಟು ಹೈವೇ ಓಡಿಸಿದರೂ ಹೋಗಲ್ಲ. ಒಳ್ಳೆ ಆಯಿಲ್ ಹಾಕಿದರೆ ತುಂಬಲು ಲಕ್ಷಕ್ಕೂ ಹೆಚ್ಚು ಕಿಲೋಮೀಟರ್ ಬೇಕು.

ಪ್ರಶ್ನೆ (ಮೂಡಿಗೆರೆ): ಅಣ್ಣ, ನಾವು ವಾರಕ್ಕೊಮ್ಮೆ ಚಾರ್ಮಾಡಿ ಘಾಟಿ ಇಳಿದು ಉಜಿರೆಗೆ ಹೋಗುತ್ತೇವೆ. ಎಂಜಿನ್ ಅಷ್ಟು ಕೂಗುತ್ತದೆ, ಫಿಲ್ಟರ್ ತಾನೇ ಸ್ವಚ್ಛ ಆಗುತ್ತದೆ ಅಲ್ವಾ?

ಉತ್ತರ: ಹತ್ತುವಾಗ ಹೌದು, ಇಳಿಯುವಾಗ ಇಲ್ಲ. ಇಳಿಜಾರಿನಲ್ಲಿ ಗೇರ್ ಹಾಕಿ ಆಕ್ಸಿಲರೇಟರ್ ಬಿಟ್ಟರೆ ಡೀಸೆಲ್ಲೇ ಹೋಗಲ್ಲ, ಬರೀ ಗಾಳಿ ಹೊರಗೆ ಬರುತ್ತದೆ, ಫಿಲ್ಟರ್ ತಣ್ಣಗಾಗುತ್ತದೆ. ಹಾಗಂತ ನ್ಯೂಟ್ರಲ್‌ನಲ್ಲಿ ಇಳಿಸಿಬಿಡಬೇಡಿ, ಬ್ರೇಕ್ ಕಾದು ಹಿಡಿಯದೇ ಹೋದರೆ ಫಿಲ್ಟರ್ ಚಿಂತೆಯೇ ಇರಲ್ಲ! ವಾಪಸ್ ಹತ್ತಿ ಬರುವಾಗ ಬೇಕಾದಷ್ಟು ಸುಡುತ್ತದೆ. ನಿಮ್ಮದು ಒಳ್ಳೆಯ ಓಡಾಟವೇ.

ಒಂದು ಎಚ್ಚರ. ಘಾಟಿ ಹತ್ತಿ ಬಂದ ಗಾಡಿಯನ್ನು ತೋಟದ ತರಗೆಲೆ ಮೇಲೆ, ಒಣಹುಲ್ಲಿನ ಮೇಲೆ ನಿಲ್ಲಿಸಬೇಡಿ. ಬಯಲುಸೀಮೆ ಕಡೆಯವರು ರಸ್ತೆ ಮೇಲೆ ಹುರುಳಿ ಹರವಿರುವುದು ಕಂಡರೆ ಸುತ್ತಿ ಹೋಗಿ. ಆ ಸೊಪ್ಪೆ ಅಡಿಯಲ್ಲಿ ಸುತ್ತಿಕೊಂಡು ಕಾರುಗಳು ಹೊತ್ತಿ ಉರಿದಿದ್ದನ್ನು ಸುದ್ದಿಯಲ್ಲಿ ನೋಡಿರುತ್ತೀರಿ.

ಪ್ರಶ್ನೆ (ಹುಬ್ಬಳ್ಳಿ): ಸರ್, ನಮ್ಮ ಕಡೆ ಒಬ್ರು ಡಿಪಿಎಫ್ ತೆಗೆದು ಖಾಲಿ ಪೈಪ್ ಹಾಕಿ, ಸಾಫ್ಟ್‌ವೇರ್ ಬದಲು ಮಾಡಿಕೊಡ್ತೀನಿ ಅಂತಾರ. ಮಾಡಿಸಲೇನ್ರಿ?

ಉತ್ತರ: ಬೇಡ. ಕಾನೂನಿಗೆ ವಿರುದ್ಧ, ವಾರಂಟಿಯೂ ಹೋಗುತ್ತದೆ. ಆ ಮಸಿ ನಿಮ್ಮ ಹಿಂದೆ ಬರುವ ಬೈಕಿನವನ ಮೂಗಿಗೆ ಹೋಗುತ್ತದೆ ಅನ್ನುವುದು ಬೇರೆ ಮಾತು. ನಮ್ಮಲ್ಲಿ ಕೇಳಿದವರಿಗೆ ನಾವು ಮಾಡಿಕೊಡಲ್ಲ. ಸರಿಯಾಗಿ ಓಡಿಸಿಯೂ ಪದೇ ಪದೇ ತುಂಬುತ್ತಿದ್ದರೆ ಇಂಜೆಕ್ಟರ್, ಇಜಿಆರ್ (ಒಂದಿಷ್ಟು ಹೊಗೆಯನ್ನು ಮತ್ತೆ ಎಂಜಿನ್ನಿಗೆ ಕಳಿಸುವ ವಾಲ್ವ್), ಟರ್ಬೊ ನೋಡಿಸಿ. ಮಸಿ ಹೆಚ್ಚು ಬರುತ್ತಿರುವುದು ಅಲ್ಲಿಂದ.

ಬಸವೇಶ್ವರನಗರದ ಓದುಗರು: ಸರ್, ಹೋಗಿ ಬಂದೆ. ಡಾಬಸ್‌ಪೇಟೆ ಹತ್ತಿರ ಲೈಟ್ ಆರಿತು! ಇಡ್ಲಿಯೂ ಆಯಿತು. ಇನ್ನು ಪ್ರತಿ ವಾರ ಹೀಗೆ ಹೋಗಬೇಕಾ?

ಉತ್ತರ: ಒಳ್ಳೆಯದಾಯಿತು. ನಿಮ್ಮ ಓಡಾಟಕ್ಕೆ ಹದಿನೈದು ದಿನಕ್ಕೊಮ್ಮೆ ಸಾಕು, ಲೈಟ್ ಹತ್ತುವ ತನಕ ಕಾಯಬೇಡಿ. ಅರ್ಧಕ್ಕೆ ನಿಂತ ರೀಜೆನ್ ಬಹಳ ಆಗಿದೆ, ಈ ವಾರ ಡಿಪ್‌ಸ್ಟಿಕ್ ಒಮ್ಮೆ ತೆಗೆದು ನೋಡಿ. ಮತ್ತೆ, ದಿನಕ್ಕೆ 5 ಕಿಲೋಮೀಟರ್ ಓಡಾಟಕ್ಕೆ ಮುಂದಿನ ಗಾಡಿ ಪೆಟ್ರೋಲ್ ತಗೊಳ್ಳಿ ಮೇಡಂ. ಇದನ್ನು ಶೋರೂಮಿನವರು ನಿಮಗೆ 2021ರಲ್ಲೇ ಹೇಳಬೇಕಿತ್ತು.